ಮೀನಿನ ತೊಟ್ಟಿಗೆ ಒದ್ದೆ ಗೋಣಿ

ಆವಲಪ್ಪನಿಗೆ ಮಾತು ಬಿದ್ದುಹೋದ ಮೇಲೆ ಕೆಂಚಾರ್ಲಹಳ್ಳಿಯ ಆ ಬೀದಿಗೆ ಬೀದಿಯೇ ಸಪ್ಪಗಾಗಿಬಿಟ್ಟಿತು. ಚೆನ್ನಾಗಿದ್ದಾಗ ಏನು ಗಂಟಲು ಆ ಮನುಷ್ಯನದು! ಸಾರಿಗೆ ಉಪ್ಪು ಕಮ್ಮಿಯಾದರೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರಿಗೂ ಗೊತ್ತಾಗುತ್ತಿತ್ತು. ಹಿಪ್ಪುನೇರಳೆ ಸೊಪ್ಪು ಬಾಡಿದರೆ ಬೈಗುಳ, ರೇಷ್ಮೆ ಹುಳದ ಮನೆಗೆ ಯಾರಾದರೂ ಕಾಲು ತೊಳೆಯದೆ ನುಗ್ಗಿದರೆ ಬೈಗುಳ, ಹುಳದ ಮನೆ ತೊಳೆದ ಬ್ಲೀಚಿಂಗ್ ನೀರನ್ನು ದನ ಕಟ್ಟುವ ಕಡೆ ಚೆಲ್ಲಿದರೆ ಬೈಗುಳ. ಯಾರು ತಪ್ಪು ಮಾಡಿದರೂ ಬೈಸಿಕೊಳ್ಳುವವಳು ಮಾತ್ರ ಹೆಂಡತಿ ಅಕ್ಕಯ್ಯಮ್ಮ. ಆಕೆ ಮದುವೆಯಾದಾಗಿನಿಂದ ಅದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟುಕೊಂಡೇ ಬಂದಿದ್ದಳು. ಯಾವುದು ಬುದ್ಧಿಮಾತು, ಯಾವುದು ಬರೀ ಬಾಯಿಚಪಲ ಎಂದು ಕೂತು ಆರಿಸಲು ಪುರುಸೊತ್ತು ಯಾರಿಗಿತ್ತು?

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಒಂದು ಕಡೆ ವಾಲಿತು. ಆಸ್ಪತ್ರೆಯಿಂದ ತಂದು ನಡುಮನೆಯ ಮಂಚದ ಮೇಲೆ ಮಲಗಿಸಿದಾಗಿನಿಂದ ಆತ ಸೂರನ್ನು ನೋಡುತ್ತಿದ್ದ, ಅಷ್ಟೆ. ಅಕ್ಕಯ್ಯಮ್ಮ ರಾಗಿ ಗಂಜಿಯನ್ನು ಚಮಚದಲ್ಲಿ ಹಾಕುತ್ತಿದ್ದಳು. ಅರ್ಧ ಗಲ್ಲದ ಮೇಲೆ ಇಳಿಯುತ್ತಿತ್ತು.

"ಉಪ್ಪು ಹಾಕೇ ಇಲ್ಲ ಇವತ್ತು, ಗೊತ್ತಾಯ್ತಾ? ಬೈಯಿರಿ ನೋಡಣ," ಎಂದು ಕೆಣಕುತ್ತಿದ್ದಳು.

ಅಂಥ ಮನೆಗೆ ಮೀನು ತಂದವಳು ಮೊಮ್ಮಗಳು ಶಿರೀಷಾ. ಚಿಂತಾಮಣಿಯ ಕಾಲೇಜಿನಲ್ಲಿ ಡಿಗ್ರಿ ಓದುವ ಹುಡುಗಿ. ಒಂದು ಶನಿವಾರ ಬಸ್ಸಿಂದ ಇಳಿದಾಗ ಒಂದು ಕಂಕುಳಲ್ಲಿ ಗಾಜಿನ ತೊಟ್ಟಿ, ಇನ್ನೊಂದು ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕವರು.

"ಮನೆ ತುಂಬ ಹುಳ ಇರೋದು ಸಾಲ್ದು ಅಂತ ಮೀನೂ ತಂದ್ಯೇನೇ?" ಎಂದಳು ಅಕ್ಕಯ್ಯಮ್ಮ.

"ಅಜ್ಜಿ, ಇದು ಸಾಕೋ ಮೀನು. ಸಾರು ಮಾಡೋ ಥರ ನೋಡ್ಬೇಡ ಅದನ್ನ, ಹೆದರ್ಕೊಳ್ತವೆ."

"ಸಾಕಕ್ಕೆ ಅದೇನ್ ಹಾಲು ಕರೀತದಾ?"

"ಚೆಂದ ಕಾಣ್ತದೆ ಅಷ್ಟೆ. ನಾನೂ ಹಾಲು ಕರೆಯಲ್ಲ, ನನ್ನನ್ನ ಸಾಕ್ತಿಲ್ವಾ?"

ಕರೆಂಟಿನ ಪ್ಲಗ್ ಖಾಲಿ ಇದ್ದದ್ದು ತಾತನ ಮಂಚದ ಪಕ್ಕ ಮಾತ್ರ. ತೊಟ್ಟಿಯನ್ನು ಅಲ್ಲೇ ಒಂದು ಹಳೇ ಸ್ಟೂಲಿನ ಮೇಲೆ ಇಟ್ಟಳು. ಒಳಗೆ ಕಿತ್ತಳೆ ಬಣ್ಣದವು, ಬಿಳಿಯದೊಂದು, ಹೊಟ್ಟೆ ಊದಿದ ದೊಡ್ಡದೊಂದು. ದೊಡ್ಡದಕ್ಕೆ ಬೋಂಡಾ ಎಂದು ಹೆಸರಿಟ್ಟಳು. ಗುಳುಗುಳು ಗಾಳಿ ಬಿಡುವ ಪಂಪು ಹಾಕಿದಳು. ಆ ಸದ್ದಿಗೆ ಅಕ್ಕಯ್ಯಮ್ಮನಿಗೆ ಒಲೆ ಮೇಲೆ ಏನೋ ಉಕ್ಕುತ್ತಿದೆ ಎಂದು ಮೇಲಿಂದ ಮೇಲೆ ಎದ್ದು ಹೋಗುವುದೇ ಆಯಿತು.

ಎರಡು ದಿನವಾಗಿತ್ತೋ ಏನೋ, ಗಂಜಿ ತಂದವಳು ಗಂಡನ ಮುಖ ನೋಡಿ ಹಾಗೇ ನಿಂತುಬಿಟ್ಟಳು. ಸೂರಿಗೆ ನೆಟ್ಟಿದ್ದ ಕಣ್ಣು ಪಕ್ಕಕ್ಕೆ ತಿರುಗಿತ್ತು. ಬೋಂಡಾ ಎಡಕ್ಕೆ ಹೋದರೆ ಕಣ್ಣೂ ಎಡಕ್ಕೆ. ಬೋಂಡಾ ಬಲಕ್ಕೆ ಬಂದರೆ ಕಣ್ಣೂ ಬಲಕ್ಕೆ. ಮೀನು ಗಾಜಿಗೆ ಮೂತಿ ಒತ್ತಿದಾಗ ಆವಲಪ್ಪನ ಎಡಗೈ ಬೆರಳು ಮೆಲ್ಲಗೆ ಮೇಲೆದ್ದಿತು.

"ಏ ಶಿರೀಷಾ! ಕವಿತಾ! ಹರೀ! ಎಲ್ಲಾ ಇಲ್ ಬನ್ರೋ!"

ಮಗ ಹರಿಕೃಷ್ಣ ಸೊಪ್ಪಿನ ಕೈಯಲ್ಲೇ ಓಡಿಬಂದ. ಸೊಸೆ ಕವಿತ ಲಟ್ಟಣಿಗೆ ಹಿಡಿದು ಬಂದಳು. ಎಲ್ಲರೂ ನೋಡಿದರು.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಚಿಂತಾಮಣಿಯಿಂದ ಬರುತ್ತಿದ್ದ ತನುಜ ಎಂಬ ಹುಡುಗಿಯೂ ಮುಂದಿನ ವಾರ ನೋಡಿ ಖುಷಿಪಟ್ಟಳು. "ಅಮ್ಮ, ಇದನ್ನ ಬಿಡ್ಬೇಡಿ. ನಿಮ್ ಕಡೆ ಗೂಡಿಂದ ಎಳೆ ಸಿಕ್ಕಿದ್ರೆ ಬಿಡ್ತೀರಾ? ಹಂಗೇ ಇದು. ಇವತ್ತು ಕಣ್ಣು, ನಾಳೆ ಕೈ. ಹಿಂಗೇ ಆಸಕ್ತಿ ಇದ್ರೆ ಒಂದಿನ ಗಂಟಲೂ ಬರಬಹುದು."

ಅವತ್ತಿನಿಂದ ಆ ಮೀನು ಶಿರೀಷಾಳ ಮೀನಾಗಿ ಉಳಿಯಲಿಲ್ಲ. ಅಕ್ಕಯ್ಯಮ್ಮ ಬೆಳಗ್ಗೆ ಎದ್ದು ದೇವರ ಪಟ ನೋಡುವ ಮೊದಲು ತೊಟ್ಟಿ ನೋಡುತ್ತಿದ್ದಳು.

ಯುಗಾದಿ ದಾಟಿದ್ದೇ ತಡ, ಬಿಸಿಲು ಮೈಮೇಲೆ ಬಂದಂತೆ ಏರಿತು. ತಾರಸಿ ಮನೆ. ಮಧ್ಯಾಹ್ನವಾದರೆ ನಡುಮನೆಯ ಗೋಡೆಗೆ ಕೈ ಇಡುವಂತಿಲ್ಲ. ತೊಟ್ಟಿಯ ನೀರು ಮುಟ್ಟಿದರೆ ಮಗುವಿಗೆ ಎರೆಯಲು ಬೆರೆಸಿದ ನೀರಿನ ಹಾಗೆ. ಮೀನುಗಳು ಈಜುವುದು ಬಿಟ್ಟು ಮೇಲೆ ಬಂದು ಬಾಯಿ ಬಡಿಯತೊಡಗಿದವು.

"ಬಿಸಿ ನೀರಲ್ಲಿ ಗಾಳಿ ನಿಲ್ಲಲ್ಲ ಅಜ್ಜಿ, ಅದಕ್ಕೇ ಮೇಲ್ ಬರ್ತವೆ," ಎಂದ ಶಿರೀಷಾ ಮೊಬೈಲಿನಲ್ಲಿ ಹುಡುಕಿ ಹುಡುಕಿ ಉಪಾಯ ಮಾಡಿದಳು. ತೊಟ್ಟಿಯ ಮುಚ್ಚಳ ತೆಗೆದು ಬಲೆ ಹೊದಿಸಿದಳು. ಲೈಟು ಆರಿಸಿದಳು. ಟೇಬಲ್ ಫ್ಯಾನನ್ನು ನೀರಿನ ಮೇಲೆ ಬೀಸುವಂತೆ ಇಟ್ಟಳು. ಕಿಟಕಿಗೆ ಕವಿತಳ ಹಳೇ ಸೀರೆ ಕಟ್ಟಿದಳು. ಬಾಟಲಿಗಳಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಕಲ್ಲು ಮಾಡಿ ಒಂದೊಂದಾಗಿ ತೇಲಿಬಿಟ್ಟಳು. ತಾತ ಬಾಟಲಿಯನ್ನೂ ನೋಡಿದ, ಅದಕ್ಕೆ ಒರಗಿ ನಿಂತ ಬೋಂಡಾನನ್ನೂ ನೋಡಿದ.

ಪಕ್ಕದ ಮನೆಯ ಮುನಿಗಂಗಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲೇ ನಿಂತು, "ಏಮೇ ಅಕ್ಕಯ್ಯಾ, ಚೇಪಲಕು ಫ್ಯಾನಾ!" ಎಂದು ತೆಲುಗಿನಲ್ಲಿ ನಕ್ಕಳು. "ನಮ್ ಮನೇಲಿ ಮನುಷ್ಯರಿಗೇ ಫ್ಯಾನಿಲ್ಲ, ನಿಮ್ ಮನೇಲಿ ಮೀನಿಗೆ ಗಾಳಿ ಬೀಸ್ತವ್ರೆ."

"ಮೀನಿಗಲ್ಲ ಕಣೇ, ನಮ್ಮೆಜಮಾನ್ರಿಗೆ ಬೀಸ್ತಿರೋದು," ಎಂದಳು ಅಕ್ಕಯ್ಯಮ್ಮ. ಮುನಿಗಂಗಮ್ಮನ ನಗು ಅಲ್ಲೇ ನಿಂತಿತು.

ಆದರೆ ಮನೆಯೊಳಗೆ ಜಗಳ ಶುರುವಾಯಿತು. ಕವಿತ ಚಿಂತಾಮಣಿಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಬೆಂದು ಸಂಜೆ ಮನೆಗೆ ಬಂದು ಫ್ರಿಜ್ ತೆಗೆದರೆ ತಣ್ಣೀರಿಲ್ಲ. ಇದ್ದದ್ದೆಲ್ಲ ಮೀನಿನ ಬಾಟಲಿ.

"ದೋಸೆ ಹಿಟ್ಟು ಎಲ್ಲಿಡ್ಲೇ ನಾನು? ತಲೆ ಮೇಲಾ?"

"ಹುಳಿ ಬಂದ್ರೆ ಊತಪ್ಪ ಮಾಡಮ್ಮ. ಬೋಂಡಾ ಹೋದ್ರೆ ಏನ್ ಮಾಡ್ತೀಯ?"

"ಪರೀಕ್ಷೆ ತಲೆ ಮೇಲಿದೆ, ಇವಳು ಮೀನಿಗೆ ಐಸ್ ಮಾಡ್ಕೊಂಡ್ ಕೂತವ್ಳೆ. ಅತ್ತೆ, ನೀವಾದ್ರೂ ಹೇಳ್ಬಾರ್ದಾ?"

ಅಕ್ಕಯ್ಯಮ್ಮ ಹಿಟ್ಟಿನ ಪಾತ್ರೆ ತಂದು ನೀರು ತುಂಬಿದ ಪರಾತದಲ್ಲಿ ಇಟ್ಟಳು.

ನಿಜವಾದ ಜಗಳ ನಡೆದದ್ದು ಕೂಲರಿಗಾಗಿ. ಮನೆಯಲ್ಲಿದ್ದದ್ದು ಒಂದೇ ಕೂಲರು, ಅದೂ ಹಿತ್ತಲಿನ ಹುಳದ ಮನೆಯಲ್ಲಿ. ಅಲ್ಲಿನ ತಂಪೇ ಬೇರೆ. ಕಿಟಕಿಗಳಿಗೆಲ್ಲ ಒದ್ದೆ ಗೋಣಿ, ಮೇಲೆ ತೆಂಗಿನ ಗರಿ ಹೊದಿಕೆ. ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಲ್ಲಿ ನೆನೆಸಿದ ಗೋಣಿ, ಅದನ್ನು ತುಳಿಯದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಅಲ್ಲಿ ರೋಗ ಬಾರದಂತೆ ಕಾಯುವುದು ಆ ನೀರೇ ಎಂಬುದು ಸೊಸೆಯಾಗಿ ಬಂದ ಅಕ್ಕಯ್ಯಮ್ಮನಿಗೆ ಸಿಕ್ಕ ಮೊದಲ ಪಾಠ. ಅದರ ಘಾಟು ಅವಳ ಮೂಗಿಗೆ ಎಂದೋ ಹತ್ತುವುದು ಬಿಟ್ಟಿತ್ತು.

ಮಧ್ಯಾಹ್ನ ಮುದ್ದೆ ಮುರಿಯುತ್ತ ಶಿರೀಷಾ ಮಾತು ತೆಗೆದಳು. "ಅಪ್ಪಾ, ಕೂಲರ್ನ ಮಧ್ಯಾಹ್ನ ಹೊತ್ತು ಮಾತ್ರ ಇಲ್ಲಿಗೆ ತರಣ."

"ಹುಳ ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು ಸೊಪ್ಪು ತಿಂತವೆ. ಈಗ ಶಾಖ ತಗುಲಿದ್ರೆ ಎಲ್ಲ ಸಪ್ಪೆ ರೋಗ ಬಂದು ಬಿದ್ದೋಗ್ತವೆ. ಆಮೇಲೆ ಮುದ್ದೆ ಬದ್ಲು ನಿನ್ ಮೀನೇ ತಿನ್ಬೇಕು," ಎಂದ ಹರಿಕೃಷ್ಣ.

"ಹಂಗಾದ್ರೆ ತಾತನ್ನ, ತೊಟ್ಟಿನ ಹುಳದ್ ಮನೆಗೇ ಸಾಗಿಸಣ."

"ತಲೆ ನೆಟ್ಟಗೈತೇನೇ? ಮುಲಾಮು ವಾಸನೆ, ಎಣ್ಣೆ ವಾಸನೆ ಎಲ್ಲಾ ಹುಳದ್ ಹತ್ರ ತಗೊಂಡೋಗ್ತೀಯಾ? ನಿಮ್ ತಾತನಿಗೆ ಮಾತು ಬಂದ್ರೆ ಮೊದ್ಲು ನಿಂಗೇ ಬೈತಾರೆ."

"ಬೈಲಿ ಬಿಡು," ಎಂದಳು ಅಕ್ಕಯ್ಯಮ್ಮ ಸಾರು ಬಡಿಸುತ್ತ. "ಅದಕ್ಕೇ ಅಲ್ವಾ ಕಾಯ್ತಿರೋದು."

ಹರಿಕೃಷ್ಣ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ.

ಕರೆಂಟು ಹೋಗತೊಡಗಿದ್ದು ಆ ವಾರವೇ. ಹೋದರೆ ಫ್ಯಾನೂ ಇಲ್ಲ, ಪಂಪೂ ಇಲ್ಲ, ಫ್ರಿಜ್ಜೂ ಇಲ್ಲ. ಮೊದಲು ಬಿಳಿಯದು ಹೋಯಿತು. ಶಿರೀಷಾ ಅದನ್ನು ತಾತನಿಗೆ ಕಾಣದಂತೆ ಬಟ್ಟೆ ಮರೆಮಾಡಿ ತೆಗೆದಳು. ಆದರೂ ಆತನಿಗೆ ತಿಳಿಯಿತು. ಅಂದು ಗಂಜಿಗೆ ಬಾಯಿ ತೆರೆಯಲಿಲ್ಲ. ಅಕ್ಕಯ್ಯಮ್ಮ ಚಮಚ ಹಿಡಿದು ಕೂತೇ ಇದ್ದಳು, ಗಂಜಿ ಕೆನೆಗಟ್ಟಿತು.

ಮಾರನೆಯ ದಿನದಿಂದ ಕರೆಂಟು ಹೋದಾಗಲೆಲ್ಲ ಅಕ್ಕಯ್ಯಮ್ಮ ಚೊಂಬು ಹಿಡಿದು ತೊಟ್ಟಿಯ ಮುಂದೆ ನಿಲ್ಲುತ್ತಿದ್ದಳು. ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯುವುದು, ಕಾಫಿ ಆರಿಸುವ ಹಾಗೆ. ಹಾಗೆ ಸುರಿದರೆ ನೀರಿಗೆ ಗಾಳಿ ಸೇರುತ್ತದೆ ಎಂದು ಶಿರೀಷಾ ಹೇಳಿಕೊಟ್ಟಿದ್ದಳು. ಮೊಗೆಯುವುದು, ಸುರಿಯುವುದು. ತೋಳು ಸೋತು ಜೋತುಬಿದ್ದರೆ ಎಡಗೈಗೆ ಬದಲಾಯಿಸುತ್ತಿದ್ದಳು.

"ನೋಡ್ತಿದ್ದೀರಾ? ನಿಮ್ಗೆ ಒಂದಿನಾನೂ ಇಷ್ಟ್ ಸೇವೆ ಮಾಡಿಲ್ಲ ನಾನು," ಎಂದು ಗಂಡನಿಗೆ ಹೇಳುತ್ತಿದ್ದಳು. ಆವಲಪ್ಪನ ಕಣ್ಣು ಮೀನಿನಿಂದ ಚೊಂಬಿಗೆ, ಚೊಂಬಿನಿಂದ ಅವಳ ಮುಖಕ್ಕೆ ಬರುತ್ತಿತ್ತು. ಎಷ್ಟೋ ವರ್ಷದಿಂದ ಆತ ಅವಳ ಮುಖವನ್ನು ಹಾಗೆ ನೋಡಿರಲಿಲ್ಲ.

ಆದರೂ ಕಿತ್ತಳೆ ಮೀನುಗಳು ಒಂದೊಂದಾಗಿ ಹೋದವು. ಉಳಿದದ್ದು ಬೋಂಡಾ ಮತ್ತು ಬೆರಳುದ್ದದ ಒಂದು ಕಿತ್ತಳೆ ಮರಿ. ಹರಿಕೃಷ್ಣನೇ ಒಂದು ಸಂಜೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ, "ಅಮ್ಮ, ಹುಳ ಹಣ್ಣಾಗವೆ, ಇನ್ನು ಗೂಡು ಕಟ್ತವೆ. ಗೂಡು ಬಿಡಿಸಿ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹಾಕ್ಬಂದ ದಿನಾನೇ ಕೂಲರ್ ಇಲ್ಲಿಗೆ. ನನ್ ಮಾತು," ಎಂದ. ಅಪ್ಪನ ಕಾಲನ್ನು ಸುಮ್ಮನೆ ಒಂದು ಸಲ ಒತ್ತಿ ಎದ್ದುಹೋದ.

ಗೂಡು ಚೆನ್ನಾಗಿ ಕಟ್ಟಿತು. ಮನೆಮಂದಿಯೆಲ್ಲ ಕೂತು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯಿಂದ ಬಿಡಿಸಿದರು. ಹುಳದ ಮನೆ ಖಾಲಿಯಾದ ಮೇಲೆ ಹರಿಕೃಷ್ಣ ತಟ್ಟೆ, ಬಲೆ, ಗೋಣಿ ಎಲ್ಲವನ್ನೂ ತೊಳೆದು, ಮುಂದಿನ ಬೆಳೆಗೆ ಸೋಂಕು ಉಳಿಯದಂತೆ ಡ್ರಮ್ಮಿನಲ್ಲಿ ಬ್ಲೀಚಿಂಗ್ ಕಲೆಸಿ ನೆನೆಹಾಕಿದ. ಬೆಳಗ್ಗೆ ಗೂಡಿನ ಚೀಲಗಳನ್ನು ಟೆಂಪೋಗೆ ಏರಿಸಿಕೊಂಡು ಶಿಡ್ಲಘಟ್ಟಕ್ಕೆ ಹೊರಟ.

"ಬಂದವನೇ ಕೂಲರ್ ತೊಳೆದು ಇಡ್ತೀನಿ. ಇವತ್ತೊಂದಿನ ನೋಡ್ಕೋ."

ಕವಿತ ಕೆಲಸಕ್ಕೆ ಹೋದಳು. ಶಿರೀಷಾ ಪರೀಕ್ಷೆಗೆ ಹೊರಟವಳು ಬಾಗಿಲಿಂದ ಕೂಗಿದಳು, "ಅಜ್ಜೀ, ಫ್ರೀಜರಲ್ಲಿ ಎರಡೇ ಬಾಟ್ಲಿ ಐತೆ. ಕರೆಂಟ್ ಹೋದ್ರೆ ಒದ್ದೆ ಬಟ್ಟೆ ಸುತ್ತು. ಒಂದ್ ತುದಿ ನೀರಲ್ಲಿ ಬಿಟ್ರೆ ತಾನೇ ಒದ್ದೆ ಇರ್ತದೆ. ಬೋಂಡಾಗೆ ಬಾಯ್! ತಾತಂಗೆ ಬಾಯ್!"

ಹೊತ್ತು ಏರುವ ಮೊದಲೇ ಕರೆಂಟು ಹೋಯಿತು. ಬಾಟಲಿಗಳ ಐಸು ಕರಗಿತು. ಅಕ್ಕಯ್ಯಮ್ಮ ಚೊಂಬು ಹಿಡಿದು ನಿಂತಳು. ಮೊಗೆದಳು, ಸುರಿದಳು. ಬೋಂಡಾ ಮೇಲೆ ಬಂದು ಬಾಯಿ ಬಡಿಯುತ್ತಿತ್ತು. ಮೂಳೆ ಮೂಳೆ ನೋಯಿತು. ಒದ್ದೆ ಬಟ್ಟೆ ಎಂದಳಲ್ಲ ಹುಡುಗಿ? ಬಟ್ಟೆ ಎಷ್ಟು ಹೊತ್ತು ತಂಪಿದ್ದೀತು? ಅಷ್ಟು ಸಾವಿರ ಹುಳವನ್ನು ಇಡೀ ಬೇಸಿಗೆ ಕಾಯುವುದು ಗೋಣಿಯಲ್ಲವೇ? ಹುಳಕ್ಕೆ ಆಗುವ ತಂಪು ಮೀನಿಗೆ ಆಗಬಾರದೇ?

ಹಿತ್ತಲಿಗೆ ಹೋದಳು. ಹಸು ಕಟ್ಟುವ ಕಡೆ ಎರಡು ಗೋಣಿ ಬಿದ್ದಿದ್ದವು. ಸಗಣಿ ಮೆತ್ತಿದವು, ಬೇಡ ಎಂದುಕೊಂಡಳು. ಡ್ರಮ್ಮಿನಲ್ಲಿ ನೆನೆದ ಗೋಣಿ ಇತ್ತು. ಮನೆಯಲ್ಲಿ ಅದಕ್ಕಿಂತ ಶುದ್ಧವಾದದ್ದು ಇನ್ನಾವುದು? ಆ ನೀರು ಮುಟ್ಟಿದ ಕಡೆ ರೋಗ ಸುಳಿಯುವುದಿಲ್ಲ. ಒಂದನ್ನು ಎತ್ತಿ, ಹಿಂಡದೆ ಹಾಗೇ ತೊಟ್ಟಿಕ್ಕಿಸುತ್ತ ತಂದಳು. ತೊಟ್ಟಿಯ ಮೂರು ಕಡೆ ಸುತ್ತಿದಳು. ಗಂಡನಿಗೆ ಕಾಣಲಿ ಎಂದು ಮಂಚದ ಕಡೆಯ ಗಾಜನ್ನು ಮಾತ್ರ ಬಿಟ್ಟಳು. ಮೊಮ್ಮಗಳು ಹೇಳಿದ ಹಾಗೇ ಒಂದು ತುದಿಯನ್ನು ನೀರೊಳಗೆ ಇಳಿಬಿಟ್ಟಳು.

"ನೋಡಿ, ನಿಮ್ ಬೋಂಡಾಗೆ ಹುಳದ್ ಮನೇನೇ ಕಟ್ಕೊಟ್ಟೆ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು.

ಗಂಜಿಗೆ ಎಸರಿಡುವಷ್ಟರಲ್ಲಿ ಅದು ಕೇಳಿಸಿತು. ಮೊದಲು ಹಸುವೇನೋ ಎಂದುಕೊಂಡಳು. ಮತ್ತೆ ಕೇಳಿಸಿತು. ನಡುಮನೆಯಿಂದ.

ಓಡಿಬಂದಳು. ಆವಲಪ್ಪನ ಬಾಯಿ ತೆರೆದಿತ್ತು. ಕುತ್ತಿಗೆಯ ನರ ಉಬ್ಬಿತ್ತು. "ಆಽಽ... ಆಽಽ..." ಎಡಗೈ ಮಂಚದ ಪಟ್ಟಿಯನ್ನು ದಬದಬ ಬಡಿಯುತ್ತಿತ್ತು. ಕಣ್ಣಿಂದ ನೀರು.

"ಅಯ್ಯೋ ದೇವುಡಾ! ಗಂಟಲು ಬಂತಲ್ರೀ! ಗಂಟಲು ಬಂತು!"

ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವನು ತಲೆ ಕೊಸರಿಕೊಂಡು ಮತ್ತೆ ತೊಟ್ಟಿಯ ಕಡೆ ತಿರುಗಿ ಕೂಗಿದ. ಅವಳು ನಕ್ಕಳು, ಅತ್ತಳು. "ತಂಪಾಯ್ತು ಅಂತಿದ್ದೀರಾ? ಇನ್ನೂ ಬೇಕಾ? ತಡೀರಿ, ತಡೀರಿ." ಹಿತ್ತಲಿಗೆ ಓಡಿ ಡ್ರಮ್ಮಿಂದ ಒಂದು ಮಗ್ಗು ನೀರು ತಂದು ಗೋಣಿಯ ಮೇಲೆ ಸುರಿದಳು. ಅವನು ಇನ್ನೂ ಜೋರಾಗಿ ಕೂಗಿದ.

ಶಿರೀಷಾ ಗುರುತು ಮಾಡಿಕೊಟ್ಟಿದ್ದ ಬಟನ್ ಒತ್ತಿ ಮಗನಿಗೆ ಫೋನು ಮಾಡಿದಳು. ಆ ಕಡೆ ಮಾರ್ಕೆಟ್ಟಿನ ಗದ್ದಲ.

"ಹರೀ, ನಿಮ್ಮಪ್ಪ ಕೂಗ್ತವ್ರೆ ಕಣೋ! ಕೇಳು, ಕೇಳು." ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದಳು. "ಆಽಽ... ಆಽಽ..."

"ಅಪ್ಪಾ! ಅಪ್ಪಾ, ಕೇಳಿಸ್ತಪ್ಪಾ! ಬರ್ತೀನಿ ಇರು!" ಪಕ್ಕದಲ್ಲಿದ್ದ ಯಾರಿಗೋ ಅವನು "ನಮ್ಮಪ್ಪ ಮಾತಾಡಿದ್ರು" ಎನ್ನುವುದು ಅವಳಿಗೆ ಕೇಳಿಸಿತು.

ಇಂಥ ದಿನ ಗಂಜಿಯೇ? ಅಕ್ಕಯ್ಯಮ್ಮ ಎಸರನ್ನು ಇಳಿಸಿ ಪಾಯಸಕ್ಕೆ ಇಟ್ಟಳು. ಮುನಿಗಂಗಮ್ಮನ ಮನೆಗೆ ಓಡಿ ಏಲಕ್ಕಿ ಇಸಕೊಂಡು ಬಂದಳು, ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಒಳಗೆ ಆತ ಇನ್ನೂ ಕೂಗುತ್ತಿದ್ದ. ಬೆಲ್ಲ ಕುಟ್ಟುವಾಗಲೂ ಕೇಳಿಸುತ್ತಿತ್ತು. ಕುಟ್ಟುವ ಸದ್ದು ನಿಲ್ಲಿಸಿ ಕೇಳುತ್ತಿದ್ದಳು, ಮತ್ತೆ ಕುಟ್ಟುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸದ್ದು ಸಣ್ಣದಾಯಿತು. ಆಮೇಲೆ ನಿಂತಿತು. ಪಾಪ, ದಣಿದಿರಬೇಕು ಎಂದುಕೊಂಡಳು.

ಪರೀಕ್ಷೆ ಮುಗಿಸಿ ಬಂದ ಶಿರೀಷಾ ಚಪ್ಪಲಿ ಬಿಡುತ್ತಲೇ ಮೂಗು ಮುಚ್ಚಿಕೊಂಡಳು. "ಅಜ್ಜೀ, ಏನಿದು ವಾಸನೆ? ಹುಳದ್ ಮನೆ ಥರ..."

"ವಾಸನೆ ಬಿಡೇ, ನಿಮ್ ತಾತ ಇವತ್ತು..." ಪಾಯಸದ ಬಟ್ಟಲು ಹಿಡಿದು ಹೊರಬಂದ ಅಕ್ಕಯ್ಯಮ್ಮ ಅಲ್ಲೇ ನಿಂತಳು.

ಶಿರೀಷಾ ಗೋಣಿ ಕಿತ್ತೆಸೆದಿದ್ದಳು. ಮರಿ ತಳದಲ್ಲಿತ್ತು. ಬೋಂಡಾ ಹೊಟ್ಟೆ ಮೇಲಾಗಿ, ತಾತನ ಕಡೆಯ ಗಾಜಿಗೆ ತಾಗಿಕೊಂಡು ತೇಲುತ್ತಿತ್ತು. ಮೈಮೇಲಿನ ಬಣ್ಣ ಸುಣ್ಣ ಬಳಿದ ಹಾಗೆ ಬಿಳಿಚಿತ್ತು.

"ಈ ಗೋಣಿ ಎಲ್ಲಿತ್ತು ಅಜ್ಜಿ?"

"ಡ್ರಮ್ಮಲ್ಲಿ..."

"ಬ್ಲೀಚಿಂಗ್ ಅಜ್ಜಿ ಅದು! ಮೀನಿಗೆ ವಿಷ!"

"ಹುಳಕ್ಕೆ ಹಾಕ್ತೀವಲ್ಲೇ..."

"ಹುಳದ ಮೈಮೇಲೆ ಹಾಕ್ತೀವಾ? ಹುಳ ಇಲ್ದಾಗ ಮನೆ ತೊಳೆಯಕ್ಕೆ ಹಾಕ್ತೀವಿ! ತಾತ ಬಡ್ಕೊಂತಿರಲಿಲ್ವಾ, ದನದ ಕಡೆ ಚೆಲ್ಬೇಡಿ, ಚೆಲ್ಬೇಡಿ ಅಂತ?" ಎಂದವಳು ತಾತನ ಮಂಚದ ಕಡೆ ತಿರುಗಿದಳು.

ಅಕ್ಕಯ್ಯಮ್ಮ ಗಂಡನ ಕಡೆ ನೋಡಿದಳು. ಆತ ಸೂರು ನೋಡುತ್ತಿದ್ದ. ಎಡಗೈ ಬೆರಳಿನ ಗಂಟುಗಳು ಮಂಚದ ಪಟ್ಟಿಗೆ ಬಡಿದು ಬಡಿದು ತರಚಿ, ರಕ್ತ ಒಣಗಿತ್ತು.

"ಕರೆದ್ರು ಕಣೇ ನನ್ನ," ಎಂದಳು ಮೆಲ್ಲಗೆ. "ಎಷ್ಟೊತ್ತು ಕರೆದ್ರು. ನಾನು ಬೆಲ್ಲ ಕುಟ್ತಾ ಇದ್ದೆ."

ಸಂಜೆ ಹರಿಕೃಷ್ಣ ಸ್ವೀಟಿನ ಪೊಟ್ಟಣ ಹಿಡಿದು "ಅಪ್ಪಾ!" ಎನ್ನುತ್ತಲೇ ಬಂದ. ನೆಲದ ಮೇಲಿನ ಗೋಣಿಯನ್ನು, ತೊಟ್ಟಿಯನ್ನು ನಿಂತು ನೋಡಿದ. ಅಮ್ಮನಿಗೆ ಬೈಯಲು ಬಾಯಿ ತೆಗೆದವನು ಹಿತ್ತಲಿಗೆ ಹೋಗಿ ಕೂಲರನ್ನು ಹೊತ್ತು ತಂದು ಅಪ್ಪನ ಕಾಲ ಹತ್ತಿರ ಇಟ್ಟ. ಕವಿತ ಕೆಲಸದಿಂದ ಬಂದು ಬಟ್ಟಲುಗಳಲ್ಲಿ ಹಾಗೇ ಉಳಿದಿದ್ದ ಪಾಯಸವನ್ನು ಹಸುವಿನ ಬಾನಿಗೆ ಸುರಿದಳು.

ಮುಂದಿನ ವಾರ ಶಿರೀಷಾ ಹೊಸ ಮೀನು ತಂದಳು, ಅದೇ ಬಣ್ಣ, ಅದೇ ಹೊಟ್ಟೆ. ಕೂಲರಿನ ಗಾಳಿಗೆ ತೊಟ್ಟಿಯ ನೀರು ತಣ್ಣಗಿತ್ತು, ಮೀನು ಚುರುಕಾಗಿತ್ತು. ಆವಲಪ್ಪ ತಿರುಗಿ ನೋಡಲಿಲ್ಲ. ಅದರ ಮುಂದಿನ ವಾರವೂ ನೋಡಲಿಲ್ಲ. ತನುಜ ಬಂದು ಕಣ್ಣಿನ ಮುಂದೆ ಬೆರಳಾಡಿಸಿ, ಚಪ್ಪಾಳೆ ತಟ್ಟಿ, ಕೊನೆಗೆ ಬ್ಯಾಗು ಮುಚ್ಚಿ, "ನೋಡಣ ಅಮ್ಮ," ಎಂದಳು. ಮೊದಲಿನ ಹಾಗೆ ಗೂಡಿನ ಎಳೆಯ ಮಾತು ಎತ್ತಲಿಲ್ಲ.

ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಅಕ್ಕಯ್ಯಮ್ಮ ಗಂಜಿ ತಂದು ಮಂಚದ ಪಕ್ಕ ಕೂರುತ್ತಾಳೆ. ಮೊದಲ ಚಮಚ ಗಲ್ಲದ ಮೇಲೆ ಇಳಿಯುತ್ತದೆ. ಸೆರಗಿನಿಂದ ಒರೆಸುತ್ತಾಳೆ. ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಸಣ್ಣ ದನಿಯಲ್ಲಿ ಹೇಳುತ್ತಾಳೆ:

"ಉಪ್ಪು ಹಾಕಿಲ್ಲ ಇವತ್ತೂ. ಬೈಯಿರಿ. ಮುಂಡೆ, ಮೀನು ಕೊಂದೆ ಅಂತ ಬೈಯಿರಿ. ಈ ಸಲ ಕೇಳಿಸ್ಕೊಂತೀನಿ."